ಹಿಂದೆ ಸರಿದ ಮುಂಗೂದಲಿಗೆ ಕೂದಲು ಕಸಿ: ದಾವಣಗೆರೆ ಸೀಮೆಯ ಓದುಗರಿಗೆ ಹಂತಹಂತದ ಮಾರ್ಗದರ್ಶಿ

ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯತೊಡಗಿದಾಗ ನಮ್ಮ ಕಡೆಯ ಯುವಕರು ಮೊದಲು ದೂರುವುದು ಬೋರ್‌ವೆಲ್ ನೀರನ್ನು, ಆಮೇಲೆ ಹೆಲ್ಮೆಟ್ಟನ್ನು. ಎಣ್ಣೆ ಬದಲಾಗುತ್ತದೆ, ಶಾಂಪೂ ಬದಲಾಗುತ್ತದೆ, ಈರುಳ್ಳಿ ರಸದ ಸರದಿಯೂ ಬಂದು ಹೋಗುತ್ತದೆ. ಹೀಗೆ ಎರಡು ಮೂರು ವರ್ಷ ಕಳೆದು ಮನೆಯಲ್ಲಿ ಲಗ್ನದ ಮಾತು ಶುರುವಾದಾಗ, ‘ಒಂದೇ ದಿನದಲ್ಲಿ ಸಂಪೂರ್ಣ ಕೂದಲು’ ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಆ ಜಾಹೀರಾತಿನಲ್ಲಿರುವ ಸಂಖ್ಯೆಗೆ ಫೋನ್ ಮಾಡುವ ಮೊದಲು ಏನನ್ನು ತಿಳಿದಿರಬೇಕು, ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಕೂದಲು ಕಸಿಯಲ್ಲಿ ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ಹಿಂದಲೆಯಲ್ಲಿರುವ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಡುತ್ತಾರೆ, ಅಷ್ಟೇ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡುವಂತೆಯೇ ಇದೂ ಕೂಡ. ಆದರೆ ಗದ್ದೆಯವನು ಮುಂದಿನ ಬೆಳೆಗೆ ಮತ್ತೆ ಸಸಿಮಡಿ ಹಾಕಿಕೊಳ್ಳಬಹುದು, ತಲೆಯ ಹಿಂಭಾಗದಿಂದ ಒಮ್ಮೆ ತೆಗೆದ ಕೂದಲ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಎಷ್ಟು ತೆಗೆಯಬೇಕು, ಎಲ್ಲಿ ನೆಡಬೇಕು, ಯಾರ ಕೈಯಿಂದ ಮಾಡಿಸಬೇಕು ಎಂಬ ಪ್ರಶ್ನೆಗಳು ದರದ ಪ್ರಶ್ನೆಗಿಂತ ದೊಡ್ಡವು.

ಮೊದಲ ಹೆಜ್ಜೆ: ಯಾವ ಕಾರಣದ ಕೂದಲುದುರುವಿಕೆ ಎಂದು ಖಚಿತಪಡಿಸಿಕೊಳ್ಳಿ

ಗಂಡಸರಲ್ಲಿ ಹಣೆಯ ಮೂಲೆಗಳಿಂದ ಮತ್ತು ನೆತ್ತಿಯಿಂದ ಆರಂಭವಾಗುವ ಬೋಳುತನಕ್ಕೆ ಮುಖ್ಯ ಕಾರಣ ಅನುವಂಶೀಯತೆ ಹಾಗೂ ಡೈಹೈಡ್ರೊಟೆಸ್ಟೊಸ್ಟೆರಾನ್ ಅಥವಾ ಡಿಎಚ್‌ಟಿ ಎಂಬ ಹಾರ್ಮೋನು. ಈ ಹಾರ್ಮೋನಿಗೆ ಸೂಕ್ಷ್ಮವಾಗಿ ಸ್ಪಂದಿಸುವ ಕೂದಲ ಬುಡಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತವೆ. ದಪ್ಪ ಕೂದಲು ತೆಳ್ಳಗಾಗಿ, ಆಮೇಲೆ ನವಿರು ಕೂದಲಾಗಿ, ಕೊನೆಗೆ ಕಾಣದಂತಾಗುತ್ತದೆ. ಈ ಪ್ರವೃತ್ತಿ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಬಲವಾಗಿದ್ದರೂ ಅದು ಎರಡೂ ಕಡೆಯಿಂದ ಬರಬಹುದು. ಗಡಸು ನೀರು ಕೂದಲನ್ನು ಒರಟಾಗಿಸಬಹುದು, ಆದರೆ ಈ ಬಗೆಯ ಬೋಳುತನವನ್ನು ತರುವುದಿಲ್ಲ. ಹೆಲ್ಮೆಟ್ಟಿನದೂ ಹಾಗೆಯೇ, ಆ ಭಯದಿಂದ ಹೆಲ್ಮೆಟ್ ಬಿಟ್ಟು ಬೈಕ್ ಓಡಿಸುವುದು ಪ್ರಾಣಕ್ಕೇ ಅಪಾಯ.

ಆದರೆ ಉದುರುವ ಕೂದಲೆಲ್ಲ ಈ ಕಾರಣಕ್ಕೇ ಉದುರುವುದಿಲ್ಲ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಹೋದ ಎರಡು ಮೂರು ತಿಂಗಳ ನಂತರ ಕೈಗೆ ಹಿಡಿ ಹಿಡಿಯಾಗಿ ಕೂದಲು ಬರುವುದುಂಟು. ಇದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಕೂದಲು ತೆಳುವಾಗುತ್ತದೆ. ನಾಣ್ಯದ ಗಾತ್ರದ ನುಣುಪಾದ ಬೋಳು ಮಚ್ಚೆಯನ್ನು ಜನ ‘ಹುಳ ತಿಂದಿದೆ’ ಎನ್ನುತ್ತಾರೆ. ಅಲ್ಲಿ ಹುಳವೇನೂ ಇರುವುದಿಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ದಾಳಿ ಮಾಡಿರುತ್ತದೆ. ಇಂಥ ಸ್ಥಿತಿಗಳಲ್ಲಿ ಆತುರದಿಂದ ಕಸಿ ಮಾಡಿಸಿದರೆ ನೆಟ್ಟ ಕೂದಲೂ ಉಳಿಯದೆ ಹೋಗಬಹುದು. ಹೆಂಗಸರಲ್ಲಿ ಕೂದಲು ಇಡೀ ತಲೆಯಲ್ಲಿ ಸಮನಾಗಿ ತೆಳುವಾಗುವುದು ಹೆಚ್ಚು, ಹಿಂದಲೆಯೂ ತೆಳುವಾಗಿರುವುದುಂಟು. ಹಾಗಾಗಿ ಅವರಿಗೆ ರಕ್ತಪರೀಕ್ಷೆ ಮತ್ತು ತಪಾಸಣೆ ಇನ್ನೂ ಮುಖ್ಯ.

ಆದ್ದರಿಂದ ಕಸಿಯನ್ನೇ ಮಾರುವ ಕೇಂದ್ರಕ್ಕೆ ಹೋಗುವ ಮೊದಲು ಕಸಿಯಿಂದ ಲಾಭವಿಲ್ಲದ ಒಬ್ಬ ಚರ್ಮರೋಗ ತಜ್ಞರಿಗೆ ತಲೆ ತೋರಿಸಿ. ದಾವಣಗೆರೆಯಲ್ಲಿ ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಹೊರರೋಗಿ ವಿಭಾಗದ ಚೀಟಿಯ ಖರ್ಚಿನಲ್ಲಿ ನಿಮ್ಮ ಸ್ಥಿತಿ ಯಾವುದು ಎಂಬುದು ಗೊತ್ತಾಗುತ್ತದೆ. ವೈದ್ಯರು ನಾರ್ವುಡ್ ಮಾಪನ ಎಂಬ ಮಾತನ್ನು ಬಳಸಬಹುದು. 1951ರಲ್ಲಿ ಹ್ಯಾಮಿಲ್ಟನ್ ರೂಪಿಸಿ, 1975ರಲ್ಲಿ ನಾರ್ವುಡ್ ಪರಿಷ್ಕರಿಸಿದ ಈ ವರ್ಗೀಕರಣದಲ್ಲಿ ಬೋಳುತನಕ್ಕೆ ಏಳು ಹಂತಗಳಿವೆ. ಮೂಲೆಗಳು ಆಳವಾಗಿ ಸರಿದದ್ದು ಮೂರನೆಯ ಹಂತ. ಕಿವಿಗಳ ಮೇಲೆ ಮತ್ತು ಹಿಂದಲೆಯಲ್ಲಿ ಕಿರಿದಾದ ಪಟ್ಟಿ ಮಾತ್ರ ಉಳಿದದ್ದು ಏಳನೆಯದು. ಈಗ ನೀವು ಯಾವ ಹಂತದಲ್ಲಿದ್ದೀರಿ ಎಂಬುದಕ್ಕಿಂತ ಮುಂದೆ ಯಾವ ಹಂತಕ್ಕೆ ಹೋಗಬಹುದು ಎಂಬುದು ಮುಖ್ಯ. ಅದನ್ನು ಊಹಿಸಲು ತಂದೆ, ಚಿಕ್ಕಪ್ಪ, ಸೋದರಮಾವ ಇವರ ತಲೆಗಳು ನಡುವಯಸ್ಸಿನಲ್ಲಿ ಹೇಗಿದ್ದವು ಎಂಬುದನ್ನು ಹಳೆಯ ಫೋಟೊಗಳಲ್ಲಿ ನೋಡಿಕೊಂಡು ಹೋಗಿ.

ಎರಡನೆಯ ಹೆಜ್ಜೆ: ಉಳಿದಿರುವ ಕೂದಲನ್ನು ಹಿಡಿದಿಡುವ ಪ್ರಯತ್ನ

ಕಸಿ ಮಾಡಿದ ಕೂದಲು ನಿಲ್ಲುತ್ತದೆ, ಆದರೆ ಅದರ ಹಿಂದಿರುವ ನಿಮ್ಮ ಸ್ವಂತ ಕೂದಲು ಉದುರುತ್ತಲೇ ಇದ್ದರೆ ಕೆಲವು ವರ್ಷಗಳಲ್ಲಿ ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬೋಳು, ಮತ್ತೆ ಹಿಂದಲೆಯಲ್ಲಿ ಕೂದಲು ಎಂಬಂತಾಗುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕಸಿ ಮಾಡಿಸಿಕೊಂಡವರಿಗೆ ಎದುರಾಗುವ ತೊಂದರೆ ಇದೇ. ಇಪ್ಪತ್ತೈದರ ಒಳಗಿನವರಿಗೆ ಎಚ್ಚರಿಕೆಯುಳ್ಳ ವೈದ್ಯರು ಸಾಮಾನ್ಯವಾಗಿ ಕಾಯಲು ಹೇಳುತ್ತಾರೆ. ಹಾಗೆ ಹೇಳಿದ ವೈದ್ಯರನ್ನು ಬಿಟ್ಟು ‘ನಾಳೆಯೇ ಬನ್ನಿ’ ಎಂದವರ ಬಳಿಗೆ ಹೋಗಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಈ ಹಂತದಲ್ಲಿ ಬಳಕೆಯಲ್ಲಿರುವ ಔಷಧಿಗಳು ಮುಖ್ಯವಾಗಿ ಎರಡು. ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಒಂದು. ಹಚ್ಚಲು ಆರಂಭಿಸಿದ ಮೊದಲ ವಾರಗಳಲ್ಲಿ ಕೂದಲು ಸ್ವಲ್ಪ ಹೆಚ್ಚು ಉದುರಬಹುದು, ಅದಕ್ಕೆ ಹೆದರಿ ನಿಲ್ಲಿಸಬಾರದು. ಇನ್ನೊಂದು ಡಿಎಚ್‌ಟಿಯನ್ನು ತಗ್ಗಿಸುವ ಫಿನಾಸ್ಟರೈಡ್ ಎಂಬ ಮಾತ್ರೆ; ಬೋಳುತನಕ್ಕೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ಅನುಮತಿ ನೀಡಿತು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗುವುದು ಇಂಥ ಅಡ್ಡಪರಿಣಾಮಗಳು ಕಂಡುಬರುವುದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಂಡುಕೊಳ್ಳದೆ ವೈದ್ಯರ ಚೀಟಿಯ ಮೇಲೆಯೇ ತೆಗೆದುಕೊಳ್ಳಬೇಕು. ಗರ್ಭಿಣಿಯರು ಒಡೆದ ಅಥವಾ ಪುಡಿಯಾದ ಈ ಮಾತ್ರೆಯನ್ನು ಮುಟ್ಟಬಾರದು. ಪ್ರಾಸ್ಟೇಟ್ ತಪಾಸಣೆಯ ಪಿಎಸ್‌ಎ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆಯಾದ್ದರಿಂದ ವಯಸ್ಸಾದವರು ಆ ಪರೀಕ್ಷೆಯ ಹೊತ್ತಿಗೆ ಮಾತ್ರೆಯ ವಿಷಯವನ್ನು ತಿಳಿಸಲೇಬೇಕು. ಎರಡೂ ಔಷಧಿಗಳ ಫಲ ಬಳಸುತ್ತಿರುವ ತನಕ ಮಾತ್ರ. ಆರು ತಿಂಗಳಿಂದ ಒಂದು ವರ್ಷ ಬಳಸಿ ನೋಡಿದ ಮೇಲೆ ಕೆಲವರಿಗೆ ಕಸಿಯ ಅಗತ್ಯವೇ ಕಾಣದಿರಬಹುದು.

ಮೂರನೆಯ ಹೆಜ್ಜೆ: ಹಿಂದಲೆಯಲ್ಲಿ ಎಷ್ಟಿದೆ, ಮುಂದೆ ಎಷ್ಟು ಬೇಕು

ಹಿಂದಲೆಯ ಕೂದಲು ಮುಂದೆ ನೆಟ್ಟ ಮೇಲೂ ಏಕೆ ಉದುರುವುದಿಲ್ಲ? ಡಿಎಚ್‌ಟಿಗೆ ಮಣಿಯದ ಗುಣವನ್ನು ಕೂದಲ ಬುಡ ತನ್ನೊಡನೆಯೇ ಹೊತ್ತೊಯ್ಯುತ್ತದೆ ಎಂಬುದೇ ಉತ್ತರ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1939ರಲ್ಲಿ, ಜಪಾನಿನ ಒಕುಡಾ ಎಂಬ ವೈದ್ಯರು ಸುಟ್ಟಗಾಯದ ಕಲೆಗಳ ಮೇಲೆ ಕೂದಲು ಕಸಿ ಮಾಡಿ ಬರೆದಿದ್ದರು. ಆದರೆ ಹಿಂದಲೆಯ ಎಲ್ಲ ಭಾಗಕ್ಕೂ ಈ ಗುಣವಿಲ್ಲ. ಕುತ್ತಿಗೆಯ ಸಮೀಪದ ಕೂದಲು ಮತ್ತು ನೆತ್ತಿಯ ಸುಳಿಯ ಸುತ್ತಲಿನ ಕೂದಲು ಮುಂದೆ ಉದುರಬಹುದು. ಇವೆರಡರ ನಡುವೆ, ಒಂದು ಕಿವಿಯ ಮೇಲಿನಿಂದ ಇನ್ನೊಂದು ಕಿವಿಯ ಮೇಲಕ್ಕೆ ಹೋಗುವ ಪಟ್ಟಿಯೇ ಭರವಸೆಯ ಜಾಗ.

ಚರ್ಮವನ್ನು ಮಸೂರದಲ್ಲಿ ನೋಡಿದರೆ ಕೂದಲು ಒಂದೊಂದಾಗಿ ಅಲ್ಲದೆ ಒಂದರಿಂದ ನಾಲ್ಕರ ಗೊಂಚಲಾಗಿ ಹೊರಬರುತ್ತಿರುವುದು ಕಾಣುತ್ತದೆ. ಒಂದು ಗೊಂಚಲನ್ನು ಬುಡಸಮೇತ ತೆಗೆದರೆ ಅದು ಒಂದು ಗ್ರಾಫ್ಟ್. ಹೀಗಾಗಿ 2,000 ಗ್ರಾಫ್ಟ್ ಎಂದರೆ ಸುಮಾರು 4,000 ಕೂದಲು. ‘ಗ್ರಾಫ್ಟ್’ ಮತ್ತು ‘ಕೂದಲು’ ಎಂಬ ಎರಡು ಲೆಕ್ಕಗಳನ್ನು ಕಲಸಿ ಹೇಳುವವರಿದ್ದಾರೆ. ಎರಡನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ಬೇಕಾಗುವ ಸಂಖ್ಯೆಯನ್ನು ನೀವೇ ಅಂದಾಜು ಮಾಡಬಹುದು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹಣೆಯ ಮೇಲಿಟ್ಟು ಕೂದಲು ಬೇಕಾದ ಜಾಗದ ಅಂಚನ್ನು ಸ್ಕೆಚ್ ಪೆನ್ನಿನಿಂದ ಗುರುತಿಸಿ, ಅದನ್ನು ಗ್ರಾಫ್ ಕಾಗದದ ಮೇಲಿಟ್ಟು ಚದರ ಸೆಂಟಿಮೀಟರ್‌ಗಳನ್ನು ಎಣಿಸಿ. ಉದಾಹರಣೆಗೆ 12 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಜಾಗವಿದ್ದರೆ ಅದು 48 ಚದರ ಸೆಂ.ಮೀ. ಸಹಜ ತಲೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 65ರಿಂದ 85 ಗೊಂಚಲುಗಳಿದ್ದರೂ ಅದರ ಅರ್ಧದಷ್ಟಿದ್ದರೆ ನೋಡುವವರಿಗೆ ಬೋಳು ಎನ್ನಿಸುವುದಿಲ್ಲ. 40ರಂತೆ ಹಿಡಿದರೆ ಸುಮಾರು 1,900 ಗ್ರಾಫ್ಟ್ ಬೇಕು. ಇಷ್ಟೇ ಜಾಗಕ್ಕೆ ಯಾರಾದರೂ 4,500 ಗ್ರಾಫ್ಟ್ ಎಂದರೆ ಏಕೆ ಎಂದು ಕೇಳುವ ಧೈರ್ಯ ನಿಮಗೆ ಈ ಹಾಳೆಯಿಂದ ಬರುತ್ತದೆ. ಹಿಂದಲೆಯಿಂದ ಮಿತಿಮೀರಿ ತೆಗೆದರೆ ಅಲ್ಲಿ ಹುಳು ಮೇಯ್ದಂತೆ ಕಾಣುತ್ತದೆ, ಅದಕ್ಕೆ ಪರಿಹಾರ ಬಹಳ ಕಡಿಮೆ.

ನಾಲ್ಕನೆಯ ಹೆಜ್ಜೆ: ವೈದ್ಯರ ಆಯ್ಕೆ

ಇಡೀ ಮಾರ್ಗದರ್ಶಿಯಲ್ಲಿ ಇದೇ ಅತಿ ಮುಖ್ಯ ಭಾಗವೆಂದು ನನ್ನ ನಂಬಿಕೆ. ಕೂದಲು ಕಸಿ ಸಣ್ಣ ಕೆಲಸದಂತೆ ಕಂಡರೂ ಅದು ಶಸ್ತ್ರಚಿಕಿತ್ಸೆ. ಗಂಟೆಗಟ್ಟಲೆ ಅರಿವಳಿಕೆ ಔಷಧಿ ದೇಹದೊಳಗೆ ಹೋಗುತ್ತಿರುತ್ತದೆ. 2025ರಲ್ಲಿ ಕಾನ್ಪುರದಲ್ಲಿ ಕೂದಲು ಕಸಿಯ ನಂತರ ಇಂಜಿನಿಯರ್‌ಗಳಿಬ್ಬರು ತೀರಿಕೊಂಡ ಸುದ್ದಿ ದೇಶವೆಲ್ಲ ಹರಡಿತು. ಪ್ರಕರಣದಲ್ಲಿ ಆರೋಪ ಎದುರಿಸಿದವರು ದಂತವೈದ್ಯರು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿಯೇ ಈ ಕುರಿತು ಮಾರ್ಗಸೂಚಿ ಹೊರಡಿಸಿದೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಅಥವಾ ಚರ್ಮರೋಗ ವಿಜ್ಞಾನದಲ್ಲಿ ಸ್ನಾತಕೋತ್ತರ ತರಬೇತಿ ಪಡೆದ ನೋಂದಾಯಿತ ವೈದ್ಯರು ಈ ಕೆಲಸ ಮಾಡಬೇಕು, ಕಾರ್ಯಾಗಾರದಲ್ಲಿ ಕುಳಿತೋ ಯೂಟ್ಯೂಬ್ ನೋಡಿಯೋ ಕಲಿತದ್ದು ಸಾಕಾಗುವುದಿಲ್ಲ, ಟೆಕ್ನೀಶಿಯನ್ನರು ನೆರವಾಗಬಹುದೇ ಹೊರತು ವೈದ್ಯರ ಜವಾಬ್ದಾರಿ ವೈದ್ಯರದೇ ಎಂಬುದು ಅದರ ತಿರುಳು.

ಹಾಗಾಗಿ ಸಮಾಲೋಚನೆಗೆ ಹೋದಾಗ ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ. ವೈದ್ಯರ ಪದವಿ ಯಾವುದು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಯಾವುದು? ಕ್ಲಿನಿಕ್ಕಿಗೆ ಕೆಪಿಎಂಇ ಕಾಯ್ದೆಯಡಿ, ಎಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ನೋಂದಣಿ ಆಗಿದೆಯೇ? ಚರ್ಮದಲ್ಲಿ ರಂಧ್ರ ಮಾಡುವವರು ವೈದ್ಯರೋ, ಬೇರೆಯವರೋ? ನಾನು ಮೇಜಿನ ಮೇಲಿರುವಷ್ಟು ಹೊತ್ತೂ ವೈದ್ಯರು ಕಟ್ಟಡದಲ್ಲಿಯೇ ಇರುತ್ತಾರೆಯೇ? ಅದೇ ದಿನ ಇನ್ನೆಷ್ಟು ಜನರಿಗೆ ಕಸಿ ಇದೆ? ಆಮ್ಲಜನಕ, ಅಡ್ರಿನಲಿನ್ ಚುಚ್ಚುಮದ್ದು, ರಕ್ತದೊತ್ತಡ ಹಾಗೂ ಆಮ್ಲಜನಕ ಮಟ್ಟ ತೋರಿಸುವ ಯಂತ್ರ ಇವೆಯೇ, ತುರ್ತು ಪರಿಸ್ಥಿತಿಯಲ್ಲಿ ಯಾವ ಆಸ್ಪತ್ರೆಯ ಐಸಿಯುಗೆ ಸಾಗಿಸುತ್ತಾರೆ? ಇವಕ್ಕೆ ನೇರವಾದ ಉತ್ತರ ಕೊಡುವವರು ನಮ್ಮೂರಿನಲ್ಲೇ ಸಿಕ್ಕರೆ ಬೆಂಗಳೂರಿಗೆ ಹೋಗಬೇಕಾದ ಅಗತ್ಯವಿಲ್ಲ. ನಂತರದ ತಪಾಸಣೆಗೆ ಮತ್ತೆ ಮತ್ತೆ ಹೋಗಬೇಕಾಗುವುದರಿಂದ ಹತ್ತಿರವಿರುವುದೇ ಒಂದು ದೊಡ್ಡ ಅನುಕೂಲ. ಕೌನ್ಸೆಲರ್ ಎಂಬ ಹೆಸರಿನವರೊಬ್ಬರು ಮಾತ್ರ ಮಾತಾಡಿ, ವೈದ್ಯರನ್ನು ಶಸ್ತ್ರಚಿಕಿತ್ಸೆಯ ದಿನವೇ ತೋರಿಸುವುದಾಗಿ ಹೇಳುವ ಕಡೆ ಮುಂಗಡ ಕಟ್ಟಬೇಡಿ. ಅವರೇ ಮಾಡಿದ, ಒಂದು ವರ್ಷ ಕಳೆದ ರೋಗಿಗಳ ಫೋಟೊಗಳನ್ನು ಕೇಳಿ. ಕೂದಲು ಒದ್ದೆಯಾಗಿದ್ದಾಗ ಮತ್ತು ಹಿಂದಕ್ಕೆ ಬಾಚಿದಾಗ ತೆಗೆದ ಚಿತ್ರಗಳು ಸತ್ಯವನ್ನು ಹೆಚ್ಚು ಹೇಳುತ್ತವೆ.

ಐದನೆಯ ಹೆಜ್ಜೆ: ಗೆರೆ ಎಲ್ಲಿ ಬರಬೇಕು

ಇಪ್ಪತ್ತರ ವಯಸ್ಸಿನಲ್ಲಿದ್ದ ಗೆರೆಯೇ ಮರಳಿ ಬೇಕೆಂದು ಬಯಸುವುದು ಸಹಜ, ಆದರೆ ಅದು ನಿಮ್ಮ ಐವತ್ತರ ಮುಖಕ್ಕೂ ಹೊಂದಬೇಕು. ಕನ್ನಡಿಯ ಮುಂದೆ ನಿಂತು ಹುಬ್ಬುಗಳ ನಡುವಿನಿಂದ ಮೇಲಕ್ಕೆ ಅಂಗೈಯ ನಾಲ್ಕು ಬೆರಳುಗಳನ್ನು ಅಡ್ಡವಾಗಿಟ್ಟು ನೋಡಿ; ಪ್ರಾಯದ ಗಂಡಸಿನ ಮುಂಗೂದಲಿನ ನಡುಬಿಂದು ಅಲ್ಲಿಂದ ಕೆಳಗೆ ಬಾರದಿರುವುದು ಒಳ್ಳೆಯದು. ಸಾಮಾನ್ಯವಾಗಿ ಇದು ಹುಬ್ಬುಗಳ ನಡುವಿನಿಂದ 7ರಿಂದ 10 ಸೆಂ.ಮೀ. ಮೇಲಿರುತ್ತದೆ. ಎರಡೂ ಮೂಲೆಗಳಲ್ಲಿ ಸ್ವಲ್ಪ ಒಳಸರಿತ ಉಳಿಯಲೇಬೇಕು. ಅದನ್ನು ಪೂರ್ತಿ ಮುಚ್ಚಿದರೆ ಟೋಪಿ ಇಟ್ಟಂತೆ ಕಾಣುತ್ತದೆ, ಗ್ರಾಫ್ಟೂ ವ್ಯರ್ಥ.

ಸಹಜವಾದ ಗೆರೆ ನೇರವಾಗಿರುವುದಿಲ್ಲ. ಮುಂದಿನ ಸಾಲುಗಳಲ್ಲಿ ಒಂಟಿ ಕೂದಲಿನ ಗ್ರಾಫ್ಟುಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಇದ್ದು, ಹಿಂದಕ್ಕೆ ಹೋದಂತೆ ಎರಡು, ಮೂರು ಕೂದಲಿನವು ಒತ್ತಾಗಿ ಬರಬೇಕು. ಕೂದಲು ಚರ್ಮದಿಂದ ನೆಟ್ಟಗೆ ಮೇಲೇಳದೆ ಓರೆಯಾಗಿ ಮುಂದಕ್ಕೆ ಬಾಗಿರಬೇಕು. ಪೆನ್ನಿನಿಂದ ಗೆರೆ ಬರೆದ ಮೇಲೆ ಕನ್ನಡಿ ಕೇಳಿ ತೆಗೆದುಕೊಂಡು ನೋಡಿ, ಫೋಟೊ ತೆಗೆಸಿ, ಒಪ್ಪಿಗೆಯಾದ ಮೇಲೆಯೇ ಮುಂದುವರಿಯಲು ಹೇಳಿ. ಜೊತೆಗೆ ಬಂದ ಅಣ್ಣನೋ ಹೆಂಡತಿಯೋ ನೋಡಿದರೆ ಇನ್ನೂ ಒಳ್ಳೆಯದು. ನಮ್ಮ ಮುಖದ ಓರೆಕೋರೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ವಿಧಾನ ಮತ್ತು ಹಣ

ವಿಧಾನಗಳು ಮೂಲತಃ ಎರಡು. ಎಫ್‌ಯುಟಿ ವಿಧಾನದಲ್ಲಿ ಹಿಂದಲೆಯಿಂದ ಚರ್ಮದ ಸಣ್ಣ ಪಟ್ಟಿಯನ್ನು ತೆಗೆದು, ಹೊಲಿಗೆ ಹಾಕಿ, ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಗ್ರಾಫ್ಟುಗಳಾಗಿ ಬಿಡಿಸುತ್ತಾರೆ; ಗೆರೆಯಂಥ ಕಲೆ ಉಳಿಯುತ್ತದೆ, ಕೂದಲನ್ನು ತೀರ ಗಿಡ್ಡ ಕತ್ತರಿಸುವವರಿಗೆ ಅದು ಕಾಣುತ್ತದೆ. ಎಫ್‌ಯುಇ ವಿಧಾನದಲ್ಲಿ ಸುಮಾರು 0.8ರಿಂದ 1 ಮಿಲಿಮೀಟರ್ ವ್ಯಾಸದ ಪಂಚ್ ಎಂಬ ಕೊಳವೆಯಂಥ ಚೂಪಾದ ಸಾಧನದಿಂದ ಒಂದೊಂದೇ ಗೊಂಚಲನ್ನು ತೆಗೆಯುತ್ತಾರೆ. ಉಳಿಯುವುದು ಚುಕ್ಕೆಗಳಂಥ ಕಲೆಗಳು. ಇಂದು ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಡಿಎಚ್‌ಐ, ಸಫೈರ್ ಮೊದಲಾದ ಹೆಸರುಗಳು ನೆಡುವ ಸಾಧನದ ಅಥವಾ ಬ್ಲೇಡಿನ ವ್ಯತ್ಯಾಸವನ್ನು ಹೇಳುತ್ತವೆ. ಹೆಸರು ಬದಲಾದ ಮಾತ್ರಕ್ಕೆ ದರ ಇಮ್ಮಡಿಯಾಗಬೇಕಿಲ್ಲ, ಕೈಚಳಕವೇ ಇಲ್ಲಿ ಫಲವನ್ನು ನಿರ್ಧರಿಸುತ್ತದೆ.

ಗ್ರಾಫ್ಟಿಗೆ ಇಷ್ಟು ಎಂಬ ಲೆಕ್ಕದಲ್ಲಿ ದರ ಹೇಳುವುದು ವಾಡಿಕೆ, ಮತ್ತು ಅದು ಕೇಂದ್ರದಿಂದ ಕೇಂದ್ರಕ್ಕೆ ಹಲವು ಪಟ್ಟು ವ್ಯತ್ಯಾಸವಾಗುತ್ತದೆ. ಅಂದಚೆಂದಕ್ಕಾಗಿ ಮಾಡಿಸುವ ಕಸಿಯಾದ್ದರಿಂದ ಆರೋಗ್ಯ ವಿಮೆ ಇದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ವೈದ್ಯಕೀಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಆದ್ದರಿಂದ ಹೇಳಿದ ಮೊತ್ತದಲ್ಲಿ ತೆರಿಗೆ, ರಕ್ತಪರೀಕ್ಷೆ, ಔಷಧಿ, ನಂತರದ ತಪಾಸಣೆ ಸೇರಿವೆಯೇ ಎಂದು ಕೇಳಿ, ಬರೆಸಿಕೊಂಡು, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಸಾಲ ಮಾಡಿ ಕಂತಿನಲ್ಲಿ ಕಟ್ಟುವ ಯೋಜನೆಗಳನ್ನು ತೋರಿಸಿದರೆ ಆ ದಿನವೇ ಸಹಿ ಹಾಕದೆ ಮನೆಗೆ ಬಂದು ಯೋಚಿಸಿ.

ಕಾಲ ಗೊತ್ತು ಮಾಡುವುದು

ಲಗ್ನಕ್ಕಾಗಿ ಕಸಿ ಮಾಡಿಸುವವರು ಬಾಸಿಂಗ ಕಟ್ಟುವ ದಿನಕ್ಕೆ ಕನಿಷ್ಠ ಹತ್ತರಿಂದ ಹನ್ನೆರಡು ತಿಂಗಳು ಮೊದಲು ಮಾಡಿಸಿಕೊಳ್ಳಬೇಕು. ಎರಡು ಮೂರು ತಿಂಗಳ ಮುಂಚೆ ಮಾಡಿಸಿದರೆ ಮುಹೂರ್ತದ ಹೊತ್ತಿಗೆ ತಲೆ ಮೊದಲಿಗಿಂತಲೂ ತೆಳುವಾಗಿ ಕಾಣುವ ಸಾಧ್ಯತೆಯೇ ಹೆಚ್ಚು. ಏಕೆಂಬುದನ್ನು ಮುಂದೆ ಹೇಳಿದ್ದೇನೆ. ಮಾರ್ಚಿಯಿಂದ ಮೇ ತನಕ ನಮ್ಮ ಸೀಮೆಯ ಬಿಸಿಲು, ಬೆವರು, ದೂಳು ಮೂರೂ ಹೊಸ ಗಾಯಕ್ಕೆ ಒಳ್ಳೆಯದಲ್ಲ. ದಾವಣಗೆರೆಯ ಹೋಳಿ ಬಣ್ಣದಾಟವೂ ಆ ದಿನಗಳಲ್ಲೇ ಬರುತ್ತದೆ. ಮಳೆಗಾಲ ಮುಗಿದ ಮೇಲಿನಿಂದ ಸಂಕ್ರಾಂತಿಯ ಆಸುಪಾಸಿನ ತನಕ ಅನುಕೂಲ. ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಮುಡಿ ಕೊಡುವ ಹರಕೆ ಇದ್ದರೆ ಅದನ್ನು ತೀರಿಸಿ ಬಂದು ಆಮೇಲೆ ಕಸಿ ಮಾಡಿಸಿ; ಕಸಿಯ ನಂತರ ನೆಟ್ಟ ಜಾಗದ ಮೇಲೆ ಕ್ಷೌರದ ಕತ್ತಿ ಆಡಿಸಲು ಹಲವು ತಿಂಗಳು ಕಾಯಬೇಕಾಗುತ್ತದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಅಸ್ತಮಾ, ಯಾವುದೇ ಔಷಧಿಯ ಅಲರ್ಜಿ, ಹಿಂದೆ ಗಾಯವಾದಲ್ಲಿ ದಪ್ಪ ಗಂಟಾಗಿ ಕಲೆ ಬೆಳೆದದ್ದು, ಇವನ್ನು ಮುಚ್ಚಿಡದೆ ಹೇಳಿ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಗಳನ್ನು ಹೃದಯ ತಜ್ಞರನ್ನು ಕೇಳದೆ ನೀವಾಗಿಯೇ ನಿಲ್ಲಿಸಬಾರದು. ಶಸ್ತ್ರಚಿಕಿತ್ಸೆಗೆ ಮೊದಲು ಹಿಮೋಗ್ಲೋಬಿನ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ಸಮಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ವಯಸ್ಸು ನೋಡಿ ಇಸಿಜಿಯನ್ನೂ ಮಾಡಿಸುತ್ತಾರೆ. ಪರೀಕ್ಷೆಯನ್ನೇ ಕೇಳದ ಕಡೆ ಮಾಡಿಸಿಕೊಳ್ಳಬೇಡಿ. ಬೀಡಿ ಸಿಗರೇಟು, ಗುಟ್ಕಾ, ಎಲೆಅಡಿಕೆಯ ಜೊತೆಗಿನ ತಂಬಾಕು ಇವೆಲ್ಲವುಗಳಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸಿ ನೆಟ್ಟ ಬುಡಕ್ಕೆ ರಕ್ತ ಸಿಗದಂತೆ ಮಾಡುತ್ತದೆ. ಮುಂಚಿನ ಹಾಗೂ ನಂತರದ ಎರಡು ಮೂರು ವಾರ ಇವುಗಳಿಂದ ದೂರವಿರಬೇಕು.

ಶಸ್ತ್ರಚಿಕಿತ್ಸೆಯ ದಿನ

ಬೆಳಗ್ಗೆ ತಲೆ ತೊಳೆದು, ತಿಂಡಿ ತಿಂದು, ಮುಂದೆ ಗುಂಡಿ ಇರುವ ಅಂಗಿ ತೊಟ್ಟು ಹೋಗಿ. ಸಂಜೆ ಬನಿಯನ್ನನ್ನೋ ಟೀ ಶರ್ಟನ್ನೋ ತಲೆಯ ಮೇಲಿಂದ ತೆಗೆಯುವಾಗ ಗ್ರಾಫ್ಟಿಗೆ ತಗಲುವುದು ಇದರಿಂದ ತಪ್ಪುತ್ತದೆ. ಹಿಂದಲೆಯ ಕೂದಲನ್ನು ಟ್ರಿಮ್ಮರಿನಿಂದ ಗಿಡ್ಡಗೊಳಿಸಿ, ಲಿಗ್ನೊಕೇನ್ ಚುಚ್ಚುಮದ್ದಿನಿಂದ ಜಾಗವನ್ನು ಮರಗಟ್ಟಿಸುತ್ತಾರೆ. ಆ ದಿನದ ನಿಜವಾದ ನೋವು ಈ ಚುಚ್ಚುಮದ್ದಿನದೇ. ಕೆಲವು ನಿಮಿಷಗಳಲ್ಲಿ ಅದು ಅಡಗುತ್ತದೆ. ಈ ಔಷಧಿಗೆ ದೇಹದ ತೂಕದ ಮೇಲೆ ಗರಿಷ್ಠ ಮಿತಿಯಿದೆ: ಅಡ್ರಿನಲಿನ್ ಬೆರೆಸಿದ್ದಾದರೆ ಸಾಮಾನ್ಯವಾಗಿ ಕಿಲೋಗ್ರಾಂ ತೂಕಕ್ಕೆ 7 ಮಿಲಿಗ್ರಾಂ, ಬೆರೆಸದಿದ್ದರೆ 4.5 ಮಿಲಿಗ್ರಾಂ. ಒಂದೇ ದಿನದಲ್ಲಿ ಅತಿ ಹೆಚ್ಚು ಗ್ರಾಫ್ಟ್ ಹಾಕುವ ಹಟ ಅಪಾಯಕಾರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಬಾಯಿಯ ಸುತ್ತ ಜುಮುಗುಡುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಎದೆ ಬಡಿತ, ಉಸಿರು ಕಟ್ಟಿದಂತಾಗುವುದು, ಮೈಯೆಲ್ಲ ತುರಿಕೆ ಇವುಗಳಲ್ಲಿ ಯಾವುದೇ ಕಂಡರೂ ‘ಸುಮ್ಮನಿರೋಣ’ ಎಂದುಕೊಳ್ಳದೆ ಕೂಡಲೇ ಹೇಳಿ.

ಮೊದಲ ಅರ್ಧ ದಿನ ಬೋರಲು ಮಲಗಿರುತ್ತೀರಿ, ಹಿಂದಲೆಯಿಂದ ಗ್ರಾಫ್ಟುಗಳನ್ನು ತೆಗೆಯುತ್ತಾರೆ. ಸಾಧ್ಯವಾದರೆ ಒಂದನ್ನು ತೋರಿಸಲು ಕೇಳಿ. ಗಿಡ್ಡ ಕಪ್ಪು ಕೂದಲ ಕೆಳಗೆ ಅಕ್ಕಿಕಾಳಿಗಿಂತ ಸಣ್ಣದಾದ, ತುದಿಯಲ್ಲಿ ಉಬ್ಬಿದ, ಬಿಳಿಯ ಮಿದು ಭಾಗವೊಂದು ಕಾಣುತ್ತದೆ. ಚಿಮುಟ ಆ ಉಬ್ಬನ್ನು ಹಿಡಿದು ಜಜ್ಜಿದರೆ ಅಥವಾ ಅದು ಗಾಳಿಗೆ ಒಣಗಿದರೆ ನೆಟ್ಟರೂ ಬೆಳೆಯುವುದಿಲ್ಲ. ಅದಕ್ಕಾಗಿಯೇ ಗ್ರಾಫ್ಟುಗಳನ್ನು ತಣ್ಣನೆಯ ಸಲೈನಿನಂಥ ದ್ರಾವಣದಲ್ಲಿ ಇಡುತ್ತಾರೆ, ಮತ್ತು ತೆಗೆಯುವ ನೆಡುವ ಕೆಲಸಗಳ ನಡುವಿನ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು. ಊಟದ ನಂತರ ಅಂಗಾತ ಮಲಗಿಸಿ ನೆಡುತ್ತಾರೆ. 2,000 ಗ್ರಾಫ್ಟಿನ ಕೆಲಸಕ್ಕೆ ಒಟ್ಟು ಆರರಿಂದ ಎಂಟು ಗಂಟೆ ಹಿಡಿಯುವುದು ಸಾಮಾನ್ಯ.

ಬೆಂಗಳೂರಿನಲ್ಲಿ ಮಾಡಿಸಿದರೆ ಅದೇ ರಾತ್ರಿ ಬಸ್ಸು ಹತ್ತಿ ದಾವಣಗೆರೆಗೆ ಬರುವ ಯೋಚನೆ ಬಿಡಿ. ಸುಮಾರು 260 ಕಿಲೋಮೀಟರ್ ದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ತಲೆ ಕಿಟಕಿಗೋ ಮುಂದಿನ ಸೀಟಿಗೋ ಬಡಿದರೆ ದಿನದ ಶ್ರಮವೆಲ್ಲ ಹೋಗುತ್ತದೆ. ಒಂದು ರಾತ್ರಿ ಉಳಿದು, ಮರುದಿನ ತಪಾಸಣೆ ಮುಗಿಸಿ, ಹಗಲಿನ ರೈಲಿನಲ್ಲಿ ಬನ್ನಿ.

ಮೊದಲ ಹತ್ತು ದಿನ

ನೆಟ್ಟ ಬುಡಗಳು ಗಟ್ಟಿಯಾಗಿ ಹಿಡಿದುಕೊಳ್ಳಲು ಸುಮಾರು ಹತ್ತು ದಿನ ಬೇಕು. ಅಲ್ಲಿಯ ತನಕ ಅತ್ಯಂತ ಎಚ್ಚರದಿಂದಿರಬೇಕು. ಮೊದಲ ಮೂರ್ನಾಲ್ಕು ರಾತ್ರಿ ಎರಡು ಮೂರು ದಿಂಬು ಇಟ್ಟು ಒರಗಿ ಮಲಗಿ, ನೆಟ್ಟ ಜಾಗ ದಿಂಬಿಗೆ ತಾಗದಿರಲಿ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಹಣೆ, ಕೆಲವೊಮ್ಮೆ ಕಣ್ಣುಗಳ ಸುತ್ತ ಊತ ಬರುತ್ತದೆ. ನೋಡಿದ ಮನೆಯವರು ಗಾಬರಿಯಾಗುತ್ತಾರೆ, ಆದರೆ ತಾನಾಗಿಯೇ ಇಳಿಯುತ್ತದೆ. ತಲೆ ಬಗ್ಗಿಸಿದರೆ ಊತ ಹೆಚ್ಚುವುದರಿಂದ ಭಾರ ಎತ್ತುವುದು, ಬಗ್ಗಿ ಮಾಡುವ ಕೆಲಸ, ಸಾಷ್ಟಾಂಗ ನಮಸ್ಕಾರ ಇವನ್ನು ಬಿಟ್ಟಿರಿ. ನಮಾಜ್ ಮಾಡುವವರು ಸಜ್ದಾದ ಹೊತ್ತಿಗೆ ಹಣೆಯನ್ನು ನೆಲಕ್ಕೆ ತಾಗಿಸದೆ ಕುಳಿತು ಮಾಡುವ ಬಗ್ಗೆ ಮೊದಲೇ ವೈದ್ಯರೊಂದಿಗೂ ಹಿರಿಯರೊಂದಿಗೂ ಮಾತಾಡಿಕೊಳ್ಳಲಿ.

ವೈದ್ಯರು ಹೇಳಿದ ದಿನದಿಂದ ತಲೆ ತೊಳೆಯಬೇಕು. ಚೊಂಬಿನಿಂದ ಎತ್ತರದಿಂದ ನೀರು ಸುರಿಯದೆ, ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಇಳಿಬಿಟ್ಟು, ಶಾಂಪೂವಿನ ನೊರೆಯನ್ನು ಬೆರಳ ತುದಿಯಿಂದ ಮುಟ್ಟಿಸಿ, ಉಜ್ಜದೆ ತೊಳೆಯಿರಿ. ಸಣ್ಣ ಹಕ್ಕಳೆಗಳು ಹತ್ತರಿಂದ ಹದಿನಾಲ್ಕು ದಿನದೊಳಗೆ ತಾವಾಗಿ ಬೀಳುತ್ತವೆ, ಕೆರೆದು ಕೀಳಬಾರದು. ಎಣ್ಣೆ ಹಚ್ಚಬಾರದು, ಅರಿಶಿನ, ಲೋಳೆಸರ ಮೊದಲಾದ ಮನೆಮದ್ದುಗಳನ್ನು ಪ್ರೀತಿಯಿಂದ ತಂದುಕೊಟ್ಟರೂ ಬೇಡವೆನ್ನಿ. ಹೆಲ್ಮೆಟ್ ಹಾಕುವಂತಿಲ್ಲ, ಹೆಲ್ಮೆಟ್ಟಿಲ್ಲದೆ ಬೈಕ್ ಓಡಿಸುವಂತೆಯೂ ಇಲ್ಲ. ಎರಡು ವಾರ ಆಟೊ, ಬಸ್ಸುಗಳೇ ಗತಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಜ್ವರ, ಹೆಚ್ಚುತ್ತಿರುವ ನೋವು, ಕೀವು, ಹರಡುತ್ತಿರುವ ಕೆಂಪು, ನೆಟ್ಟ ಜಾಗದ ಚರ್ಮ ಕಪ್ಪಾಗುವುದು ಕಂಡರೆ ಅದೇ ದಿನ ವೈದ್ಯರನ್ನು ನೋಡಬೇಕು.

ಮುಂದಿನ ತಿಂಗಳುಗಳು

ಎರಡರಿಂದ ಆರು ವಾರಗಳ ನಡುವೆ ನೆಟ್ಟ ಕೂದಲಿನ ಹೆಚ್ಚಿನ ಪಾಲು ಉದುರಿಹೋಗುತ್ತದೆ. ಹಣ ನೀರಿನಲ್ಲಿ ಹೋಯಿತೆಂದು ಹಲವರು ಕಂಗೆಡುವುದು ಈ ಹೊತ್ತಿನಲ್ಲಿಯೇ. ಉದುರುವುದು ಕೂದಲಿನ ಎಳೆ ಮಾತ್ರ. ಬುಡ ಚರ್ಮದೊಳಗೆ ವಿಶ್ರಾಂತಿಯಲ್ಲಿರುತ್ತದೆ. ಅಕ್ಕಪಕ್ಕದ ಹಳೆಯ ಕೂದಲೂ ಆಘಾತದಿಂದ ಸ್ವಲ್ಪ ಉದುರಬಹುದು. ಮೂರ್ನಾಲ್ಕು ತಿಂಗಳಿಗೆ ತೆಳುವಾದ, ಕೆಲವೊಮ್ಮೆ ಸುರುಳಿಯಾದ ಎಳೆಗಳು ಮೂಡತೊಡಗುತ್ತವೆ, ನಡುವೆ ಮೊಡವೆಯಂಥ ಗುಳ್ಳೆಗಳೂ ಏಳಬಹುದು. ಆರರಿಂದ ಒಂಬತ್ತು ತಿಂಗಳಿಗೆ ವ್ಯತ್ಯಾಸ ಎದ್ದು ಕಾಣುತ್ತದೆ, ಹನ್ನೆರಡು ತಿಂಗಳಿಗೆ ಫಲಿತಾಂಶವನ್ನು ಅಳೆಯಬಹುದು. ನೆತ್ತಿಯ ಭಾಗಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಹಿಂದಲೆಯಲ್ಲಿ ಮರಗಟ್ಟಿದ ಅನುಭವ ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಔಷಧಿಗಳನ್ನು ಮುಂದುವರಿಸುವ ವಿಷಯ ವೈದ್ಯರದು, ಆದರೆ ಕಸಿ ಆಯಿತೆಂದು ತಾವಾಗಿ ನಿಲ್ಲಿಸುವುದು ಸರಿಯಲ್ಲ. ಇನ್ನೊಂದು ಸುತ್ತಿನ ಕಸಿ ಬೇಕೆನ್ನಿಸಿದರೂ ಒಂದು ವರ್ಷ ತುಂಬುವ ತನಕ ತೀರ್ಮಾನಿಸಬೇಡಿ.

ಪ್ರತಿ ತಿಂಗಳು ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಕೂದಲನ್ನು ಹಿಂದಕ್ಕೆ ಬಾಚಿ ಮುಂದಿನಿಂದ, ಎರಡೂ ಪಕ್ಕಗಳಿಂದ, ಮೇಲಿನಿಂದ ಮತ್ತು ಹಿಂದಿನಿಂದ ಫೋಟೊ ತೆಗೆದಿಡಿ. ಇವುಗಳ ಜೊತೆಗೆ ಒಪ್ಪಿಗೆ ಪತ್ರದ ಪ್ರತಿ, ಗ್ರಾಫ್ಟುಗಳ ಲೆಕ್ಕ ಬರೆದ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಿಲ್ಲು, ಔಷಧಿ ಚೀಟಿಗಳನ್ನು ಒಂದೇ ಕಡತದಲ್ಲಿಡಿ. ಏನಾದರೂ ತಪ್ಪಿದರೆ ಮೊದಲು ಅದೇ ವೈದ್ಯರಿಗೆ ಬರಹದಲ್ಲಿ ತಿಳಿಸಿ ಉತ್ತರ ಕೇಳಿ. ಸಮಾಧಾನವಾಗದಿದ್ದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಹಣದ ಪರಿಹಾರದ ದೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತದೆ. ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ತೊಂದರೆ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಮಿತಿಯಿದೆ.